ತುಸು ಬೇಗ ಹುಟ್ಟಿದ ಮಗುವಿನ ಆರೈಕೆ

"ನಾಲ್ಕು ವಾರ ಮೊದಲೇ ಹುಟ್ಟಿತು. ಆದರೂ ಎರಡೂವರೆ ಕೆ.ಜಿ. ಇದೆ. ತುಂಬಾ ಸಾಧು, ಅಳುವುದೇ ಇಲ್ಲ, ಇಡೀ ದಿನ ನಿದ್ದೆ" ಎಂದು ಅಜ್ಜಿಯರು ಸಂತೋಷದಿಂದ ಹೇಳುವುದುಂಟು. ವೈದ್ಯನಾದ ನನಗೆ ಆತಂಕ ಹುಟ್ಟಿಸುವುದು ಈ ನಿದ್ದೆಯೇ.

34 ವಾರ ತುಂಬಿ, 37 ವಾರವಾಗುವ ಮೊದಲೇ ಹುಟ್ಟಿದ ಮಗು ನೋಡಲು ದಿನ ತುಂಬಿದ ಮಗುವಿನಂತೆಯೇ ಇರಬಹುದು. ಆದರೆ ಚರ್ಮದಡಿ ಕೊಬ್ಬು ಕಡಿಮೆ ಇರುವುದರಿಂದ ಬೇಗ ತಣ್ಣಗಾಗುತ್ತದೆ. ನಾಲ್ಕು ಗುಟುಕು ಚೀಪುವಷ್ಟರಲ್ಲಿ ದಣಿದು ಮಲಗಿಬಿಡುತ್ತದೆ. ಹಾಲು ಸಾಲದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ, ಕಾಮಾಲೆ ಏರುತ್ತದೆ.

ಆದ್ದರಿಂದ ತಾಯಂದಿರೇ, ಮಗು ಅಳಲಿ ಎಂದು ಕಾಯಬೇಡಿ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಎಬ್ಬಿಸಿ ಹಾಲುಣಿಸಿ. ಅಂಗಾಲನ್ನು ಮೆಲ್ಲಗೆ ಉಜ್ಜಿದರೆ ಎಚ್ಚರಗೊಳ್ಳುತ್ತದೆ. ಚೀಪಲು ಶಕ್ತಿ ಸಾಲದಿದ್ದರೆ ಕೈ ತೊಳೆದು ಎದೆಹಾಲು ಹಿಂಡಿ, ಕುದಿಸಿ ಶುಚಿ ಮಾಡಿದ ಒಳಲೆ ಅಥವಾ ಚಮಚದಲ್ಲಿ ನಿಧಾನವಾಗಿ ಕುಡಿಸಿ. ಮೊದಲ ದಿನಗಳ ದಪ್ಪ ಹಳದಿ ಹಾಲನ್ನು ಚೆಲ್ಲಲೇಬೇಡಿ. ಐದನೇ ದಿನದಿಂದ ದಿನಕ್ಕೆ ಆರು ಬಾರಿಯಾದರೂ ಮೂತ್ರ ಹೋಗುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು.

ಬೆಚ್ಚಗಿಡಲು ತಾಯಿಯ ಎದೆಗಿಂತ ಉತ್ತಮ ಜಾಗವಿಲ್ಲ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದಾದಾಗ ವೈದ್ಯರು ಆರಂಭಿಸಿದ 'ಕಾಂಗರೂ ಆರೈಕೆ' ಇದೇ. ಮಗುವಿಗೆ ಟೋಪಿ, ಲಂಗೋಟಿ ಮಾತ್ರ ಹಾಕಿ, ಬರಿ ಎದೆಗೆ ನೇರವಾಗಿ ಒರಗಿಸಿ, ಮೇಲೆ ಬಟ್ಟೆ ಹೊದಿಸಿ. ಮುಖ ಪಕ್ಕಕ್ಕೆ ತಿರುಗಿರಲಿ, ಮೂಗು ಮುಚ್ಚದಿರಲಿ. ತಂದೆಯೂ ಹೀಗೆ ಎತ್ತಿಕೊಳ್ಳಬಹುದು; ತಾಯಿಗೆ ಅಷ್ಟು ಹೊತ್ತು ವಿಶ್ರಾಂತಿ.

ನಾನು ಯುನಾನಿ ವೈದ್ಯ. ಆದರೂ ಹೇಳುತ್ತೇನೆ, ಈ ಮಗುವಿಗೆ ಘುಟ್ಟಿ, ಸಕ್ಕರೆ ನೀರು ಬೇಡ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ತಹ್ನೀಕ್‌ಗೂ ಬಳಸಬೇಡಿ. ಜೇನಿನಲ್ಲಿರಬಹುದಾದ ಒಂದು ರೋಗಾಣು ಹಸುಗೂಸಿನ ನರಗಳಿಗೆ ಅಪಾಯಕಾರಿ. ಸೀಸ ಬೆರೆತಿರುವ ಸುರ್ಮಾವನ್ನೂ ಹಚ್ಚಬೇಡಿ. ಏಳನೇ ದಿನ ತಲೆ ಬೋಳಿಸುವ ಮುನ್ನ ಮಕ್ಕಳ ವೈದ್ಯರನ್ನು ಕೇಳಿ. ಮಗು ತೂಕ ಹಿಡಿಯುವವರೆಗೆ ಸ್ನಾನದ ಬದಲು ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ನೋಡಲು ಬರುವ ನೆಂಟರು ಕೈ ತೊಳೆಯಲಿ. ನೆಗಡಿ ಇದ್ದವರು ದೂರವಿರಲಿ.

ಮನೆಗೆ ಬಂದ ಎರಡು ದಿನದೊಳಗೆ ಮಗುವನ್ನು ಒಮ್ಮೆ ವೈದ್ಯರಿಗೆ ತೋರಿಸಿ. ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮೈ ತಣ್ಣಗಾದರೆ ಅಥವಾ ಜ್ವರ ಬಂದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ತುಟಿ ನೀಲಿಯಾದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಮಗು ಎದೆಗೆ ಒರಗಿಯೇ ಇರಲಿ.