ಹಳೆಯ ಸಾಗುವಾನಿ ಬಾಗಿಲೂ ಬಡಗಿಯ ಚೀಲದ ಕೀಸುಳಿಯೂ

ನಾಗಪುರ: ರಾಮದಾಸಪೇಠ್‌ನ ಹಳೆಯ ಬಂಗಲೆಗಳು ಒಂದೊಂದಾಗಿ ನೆಲಸಮವಾಗಿ ಆ ಜಾಗದಲ್ಲಿ ಆಸ್ಪತ್ರೆ, ಅಪಾರ್ಟ್‌ಮೆಂಟುಗಳು ಏಳುತ್ತಿರುವುದನ್ನು ಇಲ್ಲಿನ ಕನ್ನಡಿಗರು ವರ್ಷಗಳಿಂದ ನೋಡುತ್ತಾ ಬಂದಿದ್ದಾರೆ. ಮನೆ ಕೆಡವುವಾಗ ಮೊದಲು ಹೊರಬರುವುದು ಬಾಗಿಲು, ಕಿಟಕಿ. ಗುತ್ತಿಗೆದಾರ ಒಟ್ಟಾರೆ ಒಂದು ಬೆಲೆ ಕಟ್ಟಿ ಟೆಂಪೋಗೆ ತುಂಬುತ್ತಾನೆ. ಸಂದು ಸಡಿಲವಾಗಿದೆ, ಮಳೆಗಾಲದಲ್ಲಿ ಮುಚ್ಚುವುದಿಲ್ಲ ಎಂದು ಮನೆಯವರೂ ಕೈತೊಳೆದುಕೊಳ್ಳುತ್ತಾರೆ. ಅನೇಕ ಕಡೆ ಇದು ಅವಸರದ ತೀರ್ಮಾನ. ಆ ಬಾಗಿಲನ್ನು ಸರಿಪಡಿಸಬಹುದು. ಅದಕ್ಕೆ ಬೇಕಾದ ಸಾಧನ ಇರುವ ಬಡಗಿ ಸಿಗಬೇಕು, ಅಷ್ಟೇ.

ಮರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾಗಪುರ ಸೆಂಟ್ರಲ್ ಪ್ರಾವಿನ್ಸಸ್‌ನ ರಾಜಧಾನಿಯಾಗಿದ್ದ ಕಾಲದ ‘ಸಿ.ಪಿ. ಟೀಕ್’ ಎಂಬ ಹೆಸರು ಇಂದಿಗೂ ಮರದ ಅಂಗಡಿಗಳಲ್ಲಿ ಉಳಿದಿದೆ. 2023ರ ಮೇ 28ರಂದು ಉದ್ಘಾಟನೆಯಾದ ಹೊಸ ಸಂಸತ್ ಭವನಕ್ಕೆ ಹೋದದ್ದು ನಾಗಪುರದ ಸಾಗುವಾನಿ. ಅಯೋಧ್ಯೆಯ ರಾಮಮಂದಿರದ ಬಾಗಿಲುಗಳಿಗೂ ಚಂದ್ರಪುರ-ಗಡಚಿರೋಲಿ ಕಡೆಯ ಸಾಗುವಾನಿಯನ್ನೇ ಅದೇ ವರ್ಷ ಕಳುಹಿಸಲಾಯಿತು. ಅದೇ ಜಾತಿಯ ಮರವನ್ನು ನಾವು ಗುಜರಿಗೆ ಹಾಕುತ್ತಿದ್ದೇವೆ!

ಮರ ಒಳ್ಳೆಯದಾದ ಮಾತ್ರಕ್ಕೆ ಬಾಗಿಲು ಬಾಳುವುದಿಲ್ಲ. 2013ರ ಮೇ 23ರಂದು ಈ ಊರಿನಲ್ಲಿ 47.9 ಡಿಗ್ರಿ ಬಿಸಿಲು ದಾಖಲಾಗಿತ್ತು. ಅಂಥ ಬೇಸಿಗೆಯಲ್ಲಿ ಒಣಗಿ ಕುಗ್ಗಿದ ಹಲಗೆ ಜುಲೈ ಮಳೆಗೆ ತೇವ ಹೀರಿ ಅಗಲವಾಗುತ್ತದೆ. ಹಲಗೆಯನ್ನು ನಾಲ್ಕೂ ಕಡೆ ಮೊಳೆ ಹೊಡೆದು, ಅಂಟು ಹಾಕಿ ಬಿಗಿದರೆ ಅದು ಸೀಳದೆ ಬೇರೆ ದಾರಿಯಿಲ್ಲ. ಆದ್ದರಿಂದ ಹಿಂದಿನವರು ಚೌಕಟ್ಟಿನ ಒಳಅಂಚಿನಲ್ಲಿ ಕಾಲುವೆಯಂಥ ಗಾಡಿ ತೆಗೆದು, ಹಲಗೆಯನ್ನು ಅಂಟಿಲ್ಲದೆ ಅದರೊಳಗೆ ಕೂರಿಸುತ್ತಿದ್ದರು. ಹಲಗೆ ಹಿಗ್ಗಲಿ ಕುಗ್ಗಲಿ, ಚೌಕಟ್ಟಿಗೆ ತೊಂದರೆಯಿಲ್ಲ.

ಈ ಗಾಡಿ ತೆಗೆಯುವುದಕ್ಕೇ ಒಂದು ಬೇರೆ ಕೀಸುಳಿ. ಕೀಸುಳಿ, ಉಜ್ಜುಗೊರಡು, ತೋಪಡ ಎಂದು ನಮ್ಮಲ್ಲಿ ಊರಿಗೊಂದು ಹೆಸರು, ಇಲ್ಲಿ ರಂಧಾ. ನಮಗೆಲ್ಲ ಪರಿಚಯವಿರುವುದು ಮರ ನಯ ಮಾಡುವ ರಂಧಾ ಮಾತ್ರ. ಅದರ ಅಲಗು ಎರಡು ಬದಿಯ ಗೋಡೆಗಳ ನಡುವೆ ಇರುವುದರಿಂದ ಮೂಲೆಯವರೆಗೆ ಮುಟ್ಟುವುದಿಲ್ಲ. ಪತಾಮ್ ರಂಧಾದ ಅಲಗು ಮೈಯ ಪೂರ್ತಿ ಅಗಲಕ್ಕೆ ಇರುತ್ತದೆ; ಆದಕಾರಣ ಮೆಟ್ಟಿಲಿನಂಥ ಅಂಚನ್ನು ಮೂಲೆಯ ತನಕ ಕೊರೆಯುತ್ತದೆ. ಜೋಡಿ ಕದಗಳು ಒಂದರ ಮೇಲೊಂದು ಕೂರುವುದು, ಕಿಟಕಿಯ ಗಾಜು ನಿಲ್ಲುವುದು ಇಂಥ ಅಂಚಿನಲ್ಲೇ. ಝಿರಿ ರಂಧಾದ ಸಪೂರ ಅಲಗಿನ ಪಕ್ಕದಲ್ಲಿ ಬೇಲಿಯಂಥ ಪಟ್ಟಿ ಇದ್ದು, ಅಂಚಿನಿಂದ ಒಂದೇ ಅಂತರದಲ್ಲಿ ಗಾಡಿ ಎಳೆಯುತ್ತದೆ. ಇಂಥ ಹಲವು ಕೆಲಸಗಳನ್ನು ಒಂದರಲ್ಲೇ ಮಾಡುವ ‘45’ ನಂಬರಿನ ರಂಧಾವನ್ನು ಅಮೆರಿಕದ ಸ್ಟಾನ್ಲಿ ಕಂಪೆನಿ 1880ರ ದಶಕದಲ್ಲೇ ಹೊರತಂದಿತ್ತು.

ದುರಸ್ತಿಯಲ್ಲಿ ಹೆಚ್ಚು ಬೇಕಾಗುವುದು ಇನ್ನೆರಡು. ಒಂದು ಶೋಲ್ಡರ್ ಪ್ಲೇನ್. ಅಡ್ಡಪಟ್ಟಿಯ ತುದಿಯ ನಾಲಿಗೆ ನಿಲುವು ಮರದ ತೂತಿನೊಳಗೆ ಸೇರುತ್ತದಲ್ಲ, ಆ ನಾಲಿಗೆಯ ಬುಡದ ಹೆಗಲು ಸರಿಯಾಗಿ ಕೂರದಿದ್ದರೆ ಬಾಗಿಲು ಜೋತುಬೀಳುತ್ತದೆ. ಹೆಗಲಿನಲ್ಲಿ ಮರದ ಎಳೆಗಳ ತುದಿ ಮೇಲ್ಮುಖವಾಗಿರುವುದರಿಂದ ಕೊಯ್ಯುವುದು ಕಷ್ಟ. ಈ ಕೀಸುಳಿಯ ಅಲಗು ತಗ್ಗು ಕೋನದಲ್ಲಿ ಮಲಗಿದ್ದು, ಕಾಗದದಷ್ಟು ತೆಳುವಾಗಿ ಹೆರೆಯಬಲ್ಲದು. ಇನ್ನೊಂದು ರೌಟರ್ ಪ್ಲೇನ್: ಎರಡು ಹಿಡಿ, ನಡುವೆ ಕೆಳಕ್ಕೆ ಬಾಗಿದ ಒಂದೇ ಅಲಗು. ಗಾಡಿಯ ತಳವನ್ನು, ತಿರುಗಣಿಯ ಗುಳಿಯನ್ನು ಒಂದೇ ಆಳಕ್ಕೆ ಸಮ ಮಾಡುವುದು ಇದರ ಕೆಲಸ. ಇದರ ಹಳೆಯ ಮರದ ರೂಪಕ್ಕೆ ಇಂಗ್ಲೆಂಡಿನ ಬಡಗಿಗಳು ಇಟ್ಟ ಹೆಸರು ‘ಮುದುಕಿಯ ಹಲ್ಲು’. ಬಡಗಿಗಳ ಹಾಸ್ಯ ಎಲ್ಲ ಕಡೆಯೂ ಒಂದೇ ಎಂದು ಕಾಣುತ್ತದೆ.

ವಿದ್ಯುತ್ ರೌಟರ್ ಇರುವಾಗ ಇವೆಲ್ಲ ಏಕೆ ಎಂಬ ಪ್ರಶ್ನೆ ಸಹಜ. ಹೊಸ ಬಾಗಿಲು ಹತ್ತು ಮಾಡುವುದಿದ್ದರೆ ಯಂತ್ರವೇ ಸರಿ. ಆದರೆ ಹಳೆಯ ಬಾಗಿಲಿನಲ್ಲಿ ಎರಡು ಸಂದು ಒಂದೇ ಅಳತೆಗೆ ಇರುವುದಿಲ್ಲ, ಎಲ್ಲಿ ಮೊಳೆ ಅಡಗಿದೆಯೋ ತಿಳಿಯದು. ಕೈಯಲ್ಲಾದರೆ ಒಂದು ಸಲ ಹೆರೆದು, ಕೂರಿಸಿ ನೋಡಿ, ಮತ್ತೆ ಹೆರೆಯಬಹುದು. ಪ್ಲೈವುಡ್, ಸಿದ್ಧ ಬಾಗಿಲುಗಳು ಬಂದ ಮೇಲೆ ಈ ಕೆಲಸ ಕೇಳುವವರೇ ಕಡಿಮೆಯಾಗಿ, ಅನೇಕ ಬಡಗಿಗಳ ಚೀಲದಿಂದ ಇಂಥ ರಂಧಾಗಳು ಮಾಯವಾಗಿವೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಸೇರಿದೆ. ತರಬೇತಿಯ ಸಮಯದಲ್ಲಿ ದಿನಕ್ಕೆ 500 ರೂ. ಭತ್ಯೆ, ಉಪಕರಣಗಳಿಗೆ 15,000 ರೂ. ತನಕ ನೆರವು, ಶೇ. 5ರ ಬಡ್ಡಿಯಲ್ಲಿ ಸಾಲ ಇದರಲ್ಲಿ ಸೇರಿವೆ. ನಿಮ್ಮ ಮನೆಗೆ ಬರುವ ಬಡಗಿಗೆ ಇದು ತಿಳಿದಿದೆಯೇ ಎಂದು ಕೇಳಿ ನೋಡಿ. ಅರ್ಜಿ ತುಂಬಲು ಬಾರದಿದ್ದರೆ ನಮ್ಮ ಸಂಘದ ಯುವಕರಿಗೆ ಅದು ಅರ್ಧ ಗಂಟೆಯ ಕೆಲಸ.

ಮನೆ ಪುನರ್ನಿರ್ಮಾಣಕ್ಕೆ ಕೊಡುವವರು ಬಾಗಿಲು-ಕಿಟಕಿಗಳು ಯಾರ ಪಾಲಿಗೆ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳುವುದು ಒಳಿತು. ದುರಸ್ತಿ ಮಾಡಿಸುವವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಆಗಲೇ ಅಂಚು ಹೆರೆಸಬೇಡಿ. ಬರುವ ಮೇ ತಿಂಗಳಿಗೆ ಅಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತದೆ. ದೀಪಾವಳಿ ಕಳೆದು ಮರ ಆರುವ ತನಕ ಕಾದು, ಆಮೇಲೆ ಬಡಗಿಯನ್ನು ಕರೆಸಿ.