ತ್ಸಾಂಬೂನಾ ಬೈಜಾಂಟೈನ್ ಚರ್ಚಿನ ವಾದ್ಯವೇ?

ಬ್ಯಾಗ್‌ಪೈಪ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ ಎಂದು ನಂಬಿದವರು ಬಹಳ. ಆದರೆ ಕ್ರಿ.ಶ. 68ರಲ್ಲಿ ಸತ್ತ ರೋಮ್ ಚಕ್ರವರ್ತಿ ನೀರೋ, ಸಿಂಹಾಸನ ಉಳಿದರೆ ತೊಗಲಚೀಲದ ವಾದ್ಯವನ್ನೂ ಜನರೆದುರು ನುಡಿಸುತ್ತೇನೆಂದು ಹರಕೆ ಹೊತ್ತಿದ್ದನೆಂದು ರೋಮನ್ ಚರಿತ್ರಕಾರ ಸ್ಯುಟೋನಿಯಸ್ ಬರೆದಿದ್ದಾನೆ. ಸ್ಕಾಟ್ಲೆಂಡಿನ ದಾಖಲೆಗಳು ಅದಕ್ಕಿಂತ ಸಾವಿರ ವರ್ಷಕ್ಕೂ ಈಚಿನವು.

ಗ್ರೀಸಿನಲ್ಲಿ ತೊಗಲಚೀಲದ ವಾದ್ಯ ಒಂದೇ ಬಗೆಯದೂ ಅಲ್ಲ. ಉತ್ತರದ ಥ್ರೇಸ್, ಮ್ಯಾಸಿಡೋನಿಯಾಗಳ ಗಾಯ್ಡಾಕ್ಕೆ ರಾಗ ನುಡಿಸಲು ಒಂದು ಕೊಳವೆ, ಎಡೆಬಿಡದೆ ಶ್ರುತಿ ಹಿಡಿಯಲು ಇನ್ನೊಂದು ಉದ್ದನೆಯ ಕೊಳವೆ. ನಾಕ್ಸೋಸ್, ಕಾರ್ಪಥೋಸ್‌ನಂಥ ಏಜಿಯನ್ ದ್ವೀಪಗಳ ತ್ಸಾಂಬೂನಾಕ್ಕೆ ಶ್ರುತಿಯ ಬೇರೆ ಕೊಳವೆಯೇ ಇಲ್ಲ. ಮೇಕೆಮರಿಯ ತೊಗಲಿನ ಚೀಲಕ್ಕೆ ಅಕ್ಕಪಕ್ಕ ಜೋಡಿಸಿದ ಎರಡು ಜೊಂಡಿನ ಕೊಳವೆಗಳು, ಹೆಚ್ಚುಕಡಿಮೆ ಆರು ಸ್ವರಗಳ ಹರವು, ಅಷ್ಟೇ. ಚೀಲದ ಗಾಳಿ ನಿಲ್ಲುವುದಿಲ್ಲವಾದ್ದರಿಂದ ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಬೆರಳು ಚಕ್ಕನೆ ಬೇರೆ ಸ್ವರವನ್ನು ಮುಟ್ಟಿ ಬರಬೇಕು. ಈ ವಾದ್ಯದ ಸೊಗಸೆಲ್ಲ ಆ ಬೆರಳಿನ ಚುರುಕಿನಲ್ಲಿದೆ.

ಇದು ಬೈಜಾಂಟೈನ್ ಚರ್ಚಿನ ಸಂಗೀತದ ಉಳಿಕೆ ಎಂಬ ಮಾತು ಮಾತ್ರ ಪೂರಾ ತಪ್ಪು. ಆರ್ಥಡಾಕ್ಸ್ ಪೂಜೆಯಲ್ಲಿ ಹಾಡುವುದು ಮನುಷ್ಯನ ಕಂಠವೊಂದೇ. ಆರ್ಗನ್ ಕೂಡ ಬೈಜಾಂಟೈನ್ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅರಮನೆಯ ಮತ್ತು ರಥಪಂದ್ಯದ ಬಯಲಿನ ವಾದ್ಯವಾಗಿತ್ತು. 757ರಲ್ಲಿ ಬೈಜಾಂಟೈನ್ ಚಕ್ರವರ್ತಿ ಐದನೇ ಕಾನ್‌ಸ್ಟಾಂಟೈನ್ ಫ್ರಾಂಕರ ದೊರೆ ಪೆಪಿನನಿಗೆ ಒಂದು ಆರ್ಗನ್ ಉಡುಗೊರೆ ಕಳಿಸಿದ; ಅದು ಚರ್ಚಿನ ವಾದ್ಯವಾಗಿ ಬೆಳೆದದ್ದು ಪಶ್ಚಿಮದಲ್ಲಿ, ಆಮೇಲೆ.

ಹಾಗಾದರೆ ಬೈಜಾಂಟಿಯಮ್ಮಿನ ನಂಟೇ ಸುಳ್ಳೇ? ಅಲ್ಲ. ಹುಡುಕಬೇಕಾದ್ದು ಗುಡಿಯ ಹೊರಗೆ.

9ನೇ ಶತಮಾನದ ಪರ್ಷಿಯನ್ ಭೂಗೋಳಜ್ಞ ಇಬ್ನ್ ಖುರ್ದಾದ್‌ಬಿಹ್, ಬೈಜಾಂಟೈನರ ವಾದ್ಯಗಳನ್ನು ಹೆಸರಿಸುವಾಗ ಕಮಾನಿನಿಂದ ನುಡಿಸುವ ಲೂರಾ, ಆರ್ಗನ್‌ಗಳ ಜೊತೆಗೆ ಸಲಂಜ್ ಎಂಬುದನ್ನೂ ಹೇಳುತ್ತಾನೆ. ಅದು ತೊಗಲಚೀಲದ ವಾದ್ಯವೇ ಇರಬೇಕೆಂದು ಕೆಲವು ವಿದ್ವಾಂಸರು ಓದುತ್ತಾರೆ; ಎಲ್ಲರೂ ಒಪ್ಪಿಲ್ಲ. ಇದೊಂದರ ಬಲದ ಮೇಲೆ ಇವತ್ತಿನ ತ್ಸಾಂಬೂನಾ ಸಾವಿರ ವರ್ಷ ಬದಲಾಗದೆ ಬಂದಿದೆ ಎನ್ನುವುದು ದುಡುಕು. ಆದರೆ ಲೂರಾದ ವಂಶದ ಲಿರಾ ಕಾರ್ಪಥೋಸ್‌ನಲ್ಲಿ ಈಗಲೂ ತ್ಸಾಂಬೂನಾದ ಪಕ್ಕದಲ್ಲೇ ನುಡಿಯುತ್ತದೆ ಎಂಬುದನ್ನು ತಳ್ಳಿಹಾಕಲಾಗದು.

ಅಥೆನ್ಸ್‌ನ ಪ್ಲಾಕಾದಲ್ಲಿ 1991ರಲ್ಲಿ ತೆರೆದ ಜನಪದ ವಾದ್ಯಗಳ ಸಂಗ್ರಹಾಲಯದಲ್ಲಿ ಈ ವಾದ್ಯಗಳನ್ನು ನೋಡಬಹುದು. ಅಷ್ಟರಿಂದಲೇ ಇವು ಅಳಿದುಹೋದ ವಸ್ತುಗಳೆಂದು ತಿಳಿಯಬಾರದು. ಇಪ್ಪತ್ತನೇ ಶತಮಾನದಲ್ಲಿ ಪಿಟೀಲು ಅನೇಕ ದ್ವೀಪಗಳಲ್ಲಿ ತ್ಸಾಂಬೂನಾವನ್ನು ಹಿಂದಕ್ಕೆ ತಳ್ಳಿದ್ದು ನಿಜ. ಆದರೂ ಈಸ್ಟರ್‌ನ ಉಪವಾಸಕ್ಕೆ ಮುಂಚಿನ ಕಾರ್ನಿವಲ್‌ನಲ್ಲಿ ನಾಕ್ಸೋಸ್‌ನ ಹಳ್ಳಿಗರು ತೂಂಬಾಕಿ ಎಂಬ ಪುಟ್ಟ ಡೋಲಿನೊಂದಿಗೆ ಅದನ್ನು ಬೀದಿಯಲ್ಲೇ ನುಡಿಸುತ್ತಾರೆ.