ವಾಟರ್ ಕಲರ್ ಕಲಿಬೇಕಾ? ಮೊದಲು ಒಂದು ಹಳೇ ಚಿತ್ರ ಕಾಪಿ ಮಾಡಿ

ಚನ್ನಗಿರಿ: ಸಂತೇಬೆನ್ನೂರು ಪುಷ್ಕರಣಿ ಮುಂದೆ ಸೆಲ್ಫಿ ತೆಗೆಯೋರು ದಿನಾ ಸಿಗ್ತಾರೆ. ಹಾಳೆ, ಬ್ರಶ್ ಹಿಡಿದು ಕೂತವರು ಅಪರೂಪ. ಕೂತವರೂ ಅರ್ಧಕ್ಕೇ ಎದ್ದು ಹೋಗ್ತಾರೆ. ನಾನೂ ಹಾಗೆ ಎದ್ದು ಬಂದವನೇ. ನೀರಿನ ನಡುವಿನ ಮಂಟಪ ಬರೆಯೋಕೆ ಹೋದೆ. ಮಂಟಪ ವಾಲಿತು, ಮೆಟ್ಟಿಲ ಮೇಲೆ ಕೂತಿದ್ದ ಅಜ್ಜ ಮಂಟಪಕ್ಕಿಂತ ದೊಡ್ಡವನಾದ.

ಕಟ್ಟಡ, ಜನ, ನೆರಳು, ನೀರು ಎಲ್ಲವನ್ನೂ ಒಂದೇ ಏಟಿಗೆ ಹಿಡಿಯೋಕೆ ಹೋದ್ರೆ ಕೈ ಸೋಲುತ್ತೆ. ಬಲ್ಲವರು ಬರೆದಿಟ್ಟ ಚಿತ್ರ ನೋಡಿ ಬರೆದರೆ ಅರ್ಧ ಲೆಕ್ಕ ಅವರೇ ಮಾಡಿಕೊಟ್ಟಿರ್ತಾರೆ.

ಯಾವ ಚಿತ್ರ? ನನ್ನ ಕೇಳಿದ್ರೆ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಅವರದ್ದು. ಇಂಗ್ಲೆಂಡಿನ ಈ ಚಿಕ್ಕಪ್ಪ, ಅಣ್ಣನ ಮಗ 1786ರಲ್ಲಿ ಕಲ್ಕತ್ತಾಕ್ಕೆ ಬಂದು, 1792ರಲ್ಲಿ ದಕ್ಷಿಣಕ್ಕೂ ಇಳಿದರು. ಗುಡಿ, ಕೋಟೆ, ಅದರ ಮುಂದೆ ನಡೆಯೋ ಜನ ಎಲ್ಲಾ ಬರೆದರು. ಅವರ 144 ಮುದ್ರಿತ ಚಿತ್ರಗಳು 1795ರಿಂದ 1808ರವರೆಗೆ ಲಂಡನ್ನಲ್ಲಿ ಹೊರಬಂದವು. ಈಗ ಮೊಬೈಲಲ್ಲೇ ಸಿಗ್ತವೆ, ಹಕ್ಕಿನ ತಕರಾರಿಲ್ಲ. ಬಣ್ಣ ತೆಳ್ಳಗಿದೆ, ಹಾಗಾಗಿ ಯಾವ ಪದರ ಮೊದಲು ಬಿತ್ತು ಅಂತ ಊಹಿಸಬಹುದು.

ಚಿತ್ರದ ಮೇಲೆ ಚೌಕ ಹಾಕಿ, ಹಾಳೆ ಮೇಲೂ ಅಷ್ಟೇ ಚೌಕ ತೆಳ್ಳಗೆ ಹಾಕಿ. ಫ್ಲೆಕ್ಸ್ ಬರೋ ಮುಂಚೆ ನಮ್ಮ ಬೋರ್ಡ್ ಬರೆಯೋರು, ಸಿನಿಮಾ ಬ್ಯಾನರ್‌ನವರು ಮಾಡ್ತಿದ್ದುದು ಇದನ್ನೇ. ಚೌಕ ಹಾಕೋಕೆ ನಾಚಿಕೆ ಬೇಡ. ಡೇನಿಯಲ್‌ಗಳೂ ಕ್ಯಾಮೆರಾ ಅಬ್ಸ್ಕ್ಯೂರಾ ಅನ್ನೋ ಪೆಟ್ಟಿಗೆಯ ಸಹಾಯ ತಗೊಂಡಿದ್ದರು.

ನನ್ನ ಅಜ್ಜ ಯಾಕೆ ದೈತ್ಯನಾದ ಅಂತ ಗೊತ್ತಾಗಿದ್ದು ಕಾಪಿ ಮಾಡುವಾಗ. ಚಿತ್ರಗಾರ ಸಮ ನೆಲದಲ್ಲಿ ನಿಂತು ನೋಡಿದ್ದರೆ, ಅದೇ ನೆಲದಲ್ಲಿ ನಿಂತ ದೊಡ್ಡವರ ತಲೆ ಹತ್ತಿರ ಇದ್ರೂ ದೂರ ಇದ್ರೂ ಹೆಚ್ಚುಕಮ್ಮಿ ಒಂದೇ ಗೆರೆಗೆ ಬರುತ್ತೆ. ದೂರ ಹೋದಂತೆ ಪಾದ ಮಾತ್ರ ಮೇಲೆ ಸರಿಯುತ್ತೆ. ಆ ಗೆರೆ ಕಣ್ಣಿನ ಮಟ್ಟ. ಕಟ್ಟಡದ ಸೂರು, ಮೆಟ್ಟಿಲು ಓರೆಯಾಗಿ ಓಡಿ ಸೇರೋದೂ ಅದೇ ಗೆರೆಗೆ. ಮೊದಲು ಅದನ್ನ ಎಳೀರಿ, ಉಳಿದದ್ದು ತಾನೇ ಕೂರುತ್ತೆ.

ಬಣ್ಣದಲ್ಲಿ ಬಿಳಿ ಅಂದ್ರೆ ಖಾಲಿ ಹಾಳೆ. ಪಂಚೆ, ರುಮಾಲು, ಬಿಸಿಲು ಬಿದ್ದ ಗೋಡೆ ಮುಟ್ಟಬೇಡಿ. ಮೊದಲು ತಿಳಿ ಬಣ್ಣ, ಒಣಗಿದ ಮೇಲೆ ಗಾಢ. ಒಣಗಿದಾಗ ಬಣ್ಣ ತಿಳಿಯಾಗುತ್ತೆ, ಅದಕ್ಕೆ ಸ್ವಲ್ಪ ಗಟ್ಟಿಯಾಗೇ ಹಾಕಿ. ಕಲ್ಲಿನ ನೆರಳಿಗೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಲಸಿದ್ರೆ ಸಾಕು. ಮನುಷ್ಯನ ಕಾಲಡಿ ಒಂದು ಗೀಟು ನೆರಳು ಬಿಟ್ಟರೆ ಅವನು ಗಾಳಿಯಲ್ಲಿ ತೇಲ್ತಾನೆ.

ಸ್ಟೇಷನರಿ ಅಂಗಡಿಯವರಿಗೊಂದು ಮಾತು. ಹುಡುಗರು 'ವಾಟರ್ ಕಲರ್' ಕೇಳಿದ್ರೆ ಪೋಸ್ಟರ್ ಕಲರ್ ಕೊಡಬೇಡಿ. ಅದು ಕೆಳಗಿನ ಪದರ ಮುಚ್ಚಿಬಿಡುತ್ತೆ. ಸಾದಾ ಡ್ರಾಯಿಂಗ್ ಶೀಟ್ ನೀರು ಬಿದ್ರೆ ಮುದುಡುತ್ತೆ. 300 ಜಿಎಸ್ಎಂ ಹಾಳೆ ನಾಲ್ಕೈದು ಇಟ್ಟು, ಕತ್ತರಿಸಿ ಬಿಡಿಯಾಗಿ ಮಾರಿ. ಪೂರ್ತಿ ಪ್ಯಾಡ್ ಕೊಳ್ಳೋ ಶಕ್ತಿ ಇಲ್ಲದೆ ಬಿಟ್ಟವರಿದ್ದಾರೆ, ನಾನೂ ಒಬ್ಬ.

ಕಾಪಿ ಮಾಡಿದ ಚಿತ್ರದ ಕೆಳಗೆ 'ಡೇನಿಯಲ್ ನೋಡಿ ಬರೆದದ್ದು' ಅಂತ ಹಾಕಿ. ಸ್ಪರ್ಧೆಗೆ ಸ್ವಂತದ್ದು ಅಂತ ಕಳಿಸಿದ್ರೆ ಅದು ಕಳ್ಳತನ.

ಎರಡು ಮೂರು ಕಾಪಿ ಆದಮೇಲೆ ಬೆಳಗ್ಗೆ ಬೇಗ ಸಂತೇಬೆನ್ನೂರಿಗೆ ಬನ್ನಿ. ಆಗ ನೆರಳು ಉದ್ದ ಇರುತ್ತೆ, ಜನ ಕಮ್ಮಿ. ನಾನು ಮುಂದಿನ ಭಾನುವಾರ ಅಲ್ಲೇ ಇರ್ತೀನಿ, ಅಜ್ಜನ ಲೆಕ್ಕ ಬಾಕಿ ಇದೆ.